ನೆಗೆಟಿವ್ ಅಂತಿರೋ ರಿಪೋರ್ಟೇ ಮೊದಲು ತೋರ್ಸಿ

ಕುಮಟಾದ ತಂಗೀ, ನಿಮ್ಮ ಕಾಗದ ಎರಡು ಸಲ ಓದಿದೆ. ಚಿಕ್ಕಮ್ಮಂಗೆ 67ರಲ್ಲಿ ಬ್ರೆಸ್ಟ್ ಕ್ಯಾನ್ಸರ್, ರಿಪೋರ್ಟಲ್ಲಿ ಹರ್-ಟೂ ಪಾಸಿಟಿವ್. ಅಪ್ಪನ ತಂಗಿಗೆ 41ಕ್ಕೇ ಬಂತು, ಆದ್ರೆ ಅವರದ್ದು ಟ್ರಿಪಲ್ ನೆಗೆಟಿವ್. ಹಾಗಾಗಿ ಚಿಕ್ಕಮ್ಮಂದು ನಂಗೂ ಬರತ್ತೆ, ಅತ್ತೆದು ಹೇಗೂ ನೆಗೆಟಿವ್ರೀ, ಅದೂ ಅಪ್ಪನ ಕಡೆದು, ಲೆಕ್ಕಕ್ಕಿಲ್ಲ ಅಲ್ವಾ ಅಂತ ಕೇಳಿದೀರಿ. ನಾನು ಡಾಕ್ಟ್ರಲ್ಲ, ಆದ್ರೂ ಹೇಳ್ತೀನಿ, ನಿಮ್ಮ ಲೆಕ್ಕ ಪೂರ್ತಿ ಉಲ್ಟಾ.

ಹರ್-ಟೂ ಜೀನ್ ಎಲ್ರಲ್ಲೂ ಇರತ್ತೆ, ಗಡ್ಡೆ ಒಳಗೆ ಅದರ ಕಾಪಿ ವಿಪರೀತ ಜಾಸ್ತಿ ಆದ್ರೆ ಪಾಸಿಟಿವ್ ಅಂತಾರೆ, 100 ಗಡ್ಡೆಲಿ 15-20 ಹೀಗಿರತ್ತೆ. ಗಡ್ಡೆಲಿ ಆಗಿದ್ದು ಗಡ್ಡೆಲೇ ಉಳಿಯತ್ತೆ, ಮಕ್ಕಳಿಗೆ ದಾಟೋದಲ್ಲ. ಇಂಥ ಗಡ್ಡೆಗೇ ಅಂತ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ 1998ರಿಂದ ಇದೆ.

ಅತ್ತೆದು ಬೇರೆ ಕತೆ. ಗಡ್ಡೆಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಹಿಡಿಯೋ ಕೊಂಡಿ (ರಿಸೆಪ್ಟರ್) ಇಲ್ಲ, ಹರ್-ಟೂ ಜಾಸ್ತಿ ಇಲ್ಲ, ಈ ಮೂರು 'ಇಲ್ಲ'ಕ್ಕೇ ಟ್ರಿಪಲ್ ನೆಗೆಟಿವ್ ಅನ್ನೋದು, ಜೀನ್ ಸರಿ ಇದೆ ಅಂತಲ್ಲ. ಬಿಆರ್‌ಸಿಎ-1 ಅನ್ನೋ ಜೀನ್ ಕೆಟ್ಟಿರೋ ಮನೆತನಗಳಲ್ಲಿ ಜಾಸ್ತಿ ಕಾಣೋದು ಇದೇ ಥರದ ಕ್ಯಾನ್ಸರ್, ಅದೂ ಚಿಕ್ಕ ವಯಸ್ಸಲ್ಲಿ. ಬಿಆರ್‌ಸಿಎ-2 ಆದ್ರೆ ಹೆಚ್ಚಾಗಿ ಹಾರ್ಮೋನ್ ಪಾಸಿಟಿವ್. ನಿಮ್ಮೂರಲ್ಲಿ ಉಪ್ಪುನೀರಿನ ಪಕ್ಕ ಕಟ್ಟೆ ಹಾಕಿ ಮಾಡೋ ಗಜನಿ ಗದ್ದೆ ನೋಡಿದೀರಲ್ಲ, ಕಟ್ಟೆ ಬಿರುಕು ಬಿಟ್ಟಲ್ಲೆಲ್ಲ ಮಣ್ಣು ಮೆತ್ತೋಕೆ ಜನ ಬೇಕು, ಇಲ್ದಿದ್ರೆ ಉಪ್ಪುನೀರು ಒಳಗೆ. ಮುರಿದ ಡಿಎನ್‌ಎ ರಿಪೇರಿಗೆ ಈ ಜೀನ್‌ಗಳು ಹಾಗೇ, ಅಮ್ಮಂದೊಂದು ಅಪ್ಪಂದೊಂದು ಅಂತ ಇಬ್ರು ಆಳು, ಒಬ್ಬ ಹುಟ್ಟಿಂದಲೇ ಇಲ್ಲ ಅಂದ್ರೆ ಇನ್ನೊಬ್ಬ ಕೈಕೊಟ್ಟ ದಿನ ಕಟ್ಟೆ ಒಡೀತು. ಬಿಆರ್‌ಸಿಎ-1 ಇರೋದು 17ನೇ ಕ್ರೋಮೋಸೋಮಲ್ಲಿ, ಅದೇನು ಹೆಂಗಸರ ಸ್ವತ್ತಲ್ಲ, ಅಪ್ಪಂಗಿದ್ರೆ ನಿಮಗೆ ಬಂದಿರೋ ಚಾನ್ಸ್ ಅರ್ಧಕ್ಕರ್ಧ. ಬಂದಿದ್ರೆ 80 ವರ್ಷದೊಳಗೆ 10ರಲ್ಲಿ ಸುಮಾರು 7 ಹೆಂಗಸರಿಗೆ ಸ್ತನದ ಕ್ಯಾನ್ಸರ್, ಅಂಡಾಶಯದ್ದೂ ಬರಬಹುದು.

ಪಿಎಎಲ್‌ಬಿ-2, ಟಿಪಿ-53 ಅಂತ ಇಂಥ ಜೀನ್ ಇನ್ನೂ ಇದಾವೆ. ಲೋಬ್ಯುಲರ್ ಅಂದ್ರೆ ಹಾಲಿನ ಗ್ರಂಥಿಲಿ ಶುರುವಾಗೋ ಸ್ತನದ ಕ್ಯಾನ್ಸರ್ ಜೊತೆ ಹೊಟ್ಟೆ ಕ್ಯಾನ್ಸರೂ ಇರೋ ಮನೇಲಿ ಸಿಡಿಎಚ್-1 ನೋಡ್ತಾರೆ. ಎಲ್ಲಾ ಸೇರ್ಸಿದ್ರೂ ವಂಶದಿಂದ ಬರೋದು 100ಕ್ಕೆ 5-10 ಅಷ್ಟೇ, ಸುಮ್ನೆ ಊರೆಲ್ಲ ಟೆಸ್ಟ್ ಮಾಡ್ಸೋದು ಬೇಡ.

ಜೀನ್ ಟೆಸ್ಟಿಗೆ ಮೊದಲು ರಕ್ತ ಕೊಡಬೇಕಾದ್ದು ನೀವಲ್ಲ, ಅತ್ತೆ. ಅವರ ಜೀನಲ್ಲಿ ತಪ್ಪು ಸಿಕ್ರೆ ಅದೊಂದನ್ನೇ ನಿಮ್ಮಲ್ಲಿ ಹುಡುಕಬಹುದು, ನಿಮ್ಮಲ್ಲಿ ಅದಿಲ್ಲ ಅಂದ್ರೆ ಆ ಭಯ ಅಲ್ಲಿಗೆ ಮುಗೀತು. ನೀವೇ ಮೊದಲು ಮಾಡ್ಸಿ ಏನೂ ಸಿಗದಿದ್ರೆ ಅನುಮಾನ ಹಾಗೇ. ನಿಮ್ಮ ಅಣ್ಣಂಗೂ ಹೇಳಿ, ಗಂಡಸರಿಗೂ ಈ ಜೀನ್ ಬರತ್ತೆ, ಅವರಿಂದ ಮಕ್ಕಳಿಗೂ.

ತೋಟದ ಪಾಲಿನ ಜಗಳದಿಂದ ಅತ್ತೆ ಹತ್ರ ಮಾತು ಬಿಟ್ಟು 6 ವರ್ಷ ಆಯ್ತು ಅಂತ ಕೊನೇಲಿ ಬರ್ದಿದೀರಿ. ಫೋನ್ ನೀವೇ ಮಾಡಿ, ಪಾಲಿನ ಸುದ್ದಿ ತೆಗೀಬೇಡಿ, ಅವರು ತೆಗೆದ್ರೂ ಹೂಂಗುಟ್ಟಿ, ಬಯಾಪ್ಸಿ ರಿಪೋರ್ಟ್ ಕೇಳಿ ತಗೊಳ್ಳಿ.