ಚೆಕ್‌ಲಿಸ್ಟ್‌ಗೆ ಟಿಕ್ ಬೀಳುತ್ತದೆ, ಆಂಟಿಬಯಾಟಿಕ್ ತಪ್ಪುತ್ತದೆ

ಯಾರೋ ಒಬ್ಬರು ಮೂಲೆಯಲ್ಲಿ ನಿಂತು ಚೆಕ್‌ಲಿಸ್ಟ್ ಹಾಳೆಯನ್ನು ಒಂದೇ ಸಲಕ್ಕೆ ತುಂಬಿಬಿಡುತ್ತಿರಬೇಕು. ಸರ್ಜರಿ ಚೆಕ್‌ಲಿಸ್ಟ್‌ನಲ್ಲಿ ಎಲ್ಲಕ್ಕೂ ಟಿಕ್ ಇದ್ದೂ ಸೋಂಕು ತಡೆಯಲು ಕೊಡುವ ಆಂಟಿಬಯಾಟಿಕ್ ಬಿಟ್ಟುಹೋಗುತ್ತಿದೆ ಎಂದಿದ್ದೀರಲ್ಲ, ನಮ್ಮ ಆಪರೇಷನ್ ಥಿಯೇಟರ್‌ನಲ್ಲೂ ಕಾರಣ ಇದೇ ಆಗಿತ್ತು.

ಮೊದಲು ಕೆಲವು ಕೇಸ್‌ಗಳಲ್ಲಿ ಸುಮ್ನೆ ನಿಂತು ನೋಡಿ. ಟಿಕ್ ಯಾವಾಗ ಬೀಳುತ್ತದೆ ಎಂದಷ್ಟೇ ಬರೆದುಕೊಳ್ಳಿ, ಯಾರ ಹೆಸರೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಚೆಕ್‌ಲಿಸ್ಟ್‌ನಲ್ಲಿ ಮೂರು ಹಂತಗಳಿವೆ: ಅರಿವಳಿಕೆಗೆ ಮುಂಚೆ, ಕೊಯ್ಯುವ ಮುಂಚೆ, ರೋಗಿ ಥಿಯೇಟರ್ ಬಿಡುವ ಮುಂಚೆ. ಮೂರನ್ನೂ ಒಟ್ಟಿಗೆ ಸರಿಮಾಡಲು ಹೋಗಬೇಡಿ, ಎರಡನೆಯದನ್ನು ಹಿಡಿಯಿರಿ. ಎಲ್ಲರೂ ಕೈ ನಿಲ್ಲಿಸಲಿ, ನರ್ಸ್ ಗಟ್ಟಿಯಾಗಿ ಓದಲಿ. "ಆಂಟಿಬಯಾಟಿಕ್ ಆಯ್ತಾ?" ಅಂದರೆ ಯಾರೋ "ಹೂಂ" ಅಂದುಬಿಡುತ್ತಾರೆ. "ಯಾವುದು, ಎಷ್ಟು ಗಂಟೆಗೆ ಕೊಟ್ರಿ?" ಎಂದು ಕೇಳಬೇಕು. ಸಾಮಾನ್ಯವಾಗಿ ಕೊಯ್ಯುವ ಮುಂಚಿನ 60 ನಿಮಿಷದೊಳಗೆ ಕೊಟ್ಟಿರಬೇಕು; ವ್ಯಾಂಕೋಮೈಸಿನ್ ಎಂಬ ಆಂಟಿಬಯಾಟಿಕ್ ಆದರೆ 120 ನಿಮಿಷದೊಳಗೆ.

ಉತ್ತರ ಬರುವವರೆಗೆ ಬ್ಲೇಡ್ ಕೈಗೆ ಕೊಡಬಾರದು. ಇದನ್ನು ಸರ್ಜನ್ ಅವರೇ ಎಲ್ಲರ ಮುಂದೆ ಹೇಳಬೇಕು, ಇಲ್ಲದಿದ್ದರೆ ನರ್ಸ್ ಹೇಗೆ ತಡೆದಾರು, ಅಲ್ವಾ? ನಿಮ್ಮವರು ಒಪ್ಪುತ್ತಾರೋ ಇಲ್ಲವೋ ಹೇಳಲಾರೆ. ಒಪ್ಪದಿದ್ದರೆ ಅರಿವಳಿಕೆ ಡಾಕ್ಟರನ್ನು ಜೊತೆಗೆ ಕರೆದುಕೊಂಡು ಶುರುಮಾಡಿ.

ಆಮೇಲೆ ವಾರಕ್ಕೊಮ್ಮೆ ಹತ್ತು ಕೇಸ್ ತೆಗೆದು, ಔಷಧಿ ಕೊಟ್ಟ ಸಮಯ, ಕೊಯ್ದ ಸಮಯ ಎರಡನ್ನೂ ಪಕ್ಕಪಕ್ಕ ಬರೆದು, ರೋಗಿಯ ಹೆಸರಿಲ್ಲದೆ ಥಿಯೇಟರ್ ಗೋಡೆಗೆ ಅಂಟಿಸಿ.