ಅಪ್ಪನ ಗರಡಿ, ಮಗನ ಅರ್ಧ ಗಂಟೆ

ಮಂಡ್ಯದವರು, ವಯಸ್ಸು 36. ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿ ಬಂದು ಕೆಲಸ ಮಾಡುತ್ತಾರೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಅವರು ನನ್ನ ಹತ್ತಿರ ಸಲಹೆಗೆ ಬಂದದ್ದು ನಿದ್ದೆ ಬರಲ್ಲ, ಮನೇಲಿ ಸಿಡುಕು ಜಾಸ್ತಿ ಆಗಿದೆ ಅಂತ. ಜಿಮ್ ವಿಷಯ ಹೊರಬಿದ್ದದ್ದು ಎರಡನೇ ಭೇಟಿಯಲ್ಲಿ.

ವಾರಕ್ಕೆ ಆರು ದಿನ, ರೈಲು ಇಳಿದವರೇ ಜಿಮ್‌ಗೆ, ಎರಡು ಗಂಟೆ. ಮನೆ ಸೇರುವಾಗ ಮಗಳು ಮಲಗಿರುತ್ತಾಳೆ, ಮುದ್ದೆ ಆರಿರುತ್ತದೆ. ಒಂದು ದಿನ ತಪ್ಪಿದರೆ ಮಾರನೇ ದಿನ ಮೂರು ಗಂಟೆ. ಬಲ ಭುಜ ನೋಯುತ್ತಿತ್ತು, ಆದರೂ ಬಿಟ್ಟಿರಲಿಲ್ಲ.

ಅರ್ಧ ಗಂಟೆ ಸಾಲದೇ ಅಂತ ಕೇಳಿದೆ. "ನಮ್ಮಪ್ಪ ಗರಡೀಲಿ ಐನೂರು ಬಸ್ಕಿ ಹೊಡೀತಿದ್ರು ಮೇಡಂ. ನಾನು ಅರ್ಧ ಗಂಟೆಗೇ ಎದ್ದು ಬಂದ್ರೆ ಹೆಂಗೆ?" ಅಂದರು. ಅಪ್ಪ ತೀರಿಕೊಂಡು ನಾಲ್ಕು ವರ್ಷ.

ಒಂದು ದಿನದ ಲೆಕ್ಕ ಬರೆದು ತನ್ನಿ ಅಂದೆ. ಬೆವರಿಗೆ ಶಾಯಿ ಹರಡಿದ ನೋಟ್‌ಬುಕ್ ಹಾಳೆ ತಂದರು. 120 ನಿಮಿಷದಲ್ಲಿ ನಿಜವಾಗಿ ಭಾರ ಎತ್ತಿದ್ದು 26. ಮಿಕ್ಕಿದ್ದು ಮಷೀನ್ ಖಾಲಿಯಾಗಲಿ ಅಂತ ಕಾದದ್ದು, ಮೊಬೈಲ್, ಮಾತು. ಅವರೇ ನಕ್ಕರು.

ಕಡಿಮೆ ಸೆಟ್ (ನಡುವೆ ನಿಲ್ಲಿಸದೆ ಸತತವಾಗಿ ಎತ್ತುವ ಒಂದು ಸುತ್ತು), ಪೂರ್ತಿ ತಾಕತ್ತು ಅನ್ನೋದು ಹೊಸದೇನಲ್ಲ. 1970ರ ದಶಕದಲ್ಲೇ ವ್ಯಾಯಾಮದ ಮಷೀನ್ ತಯಾರಿಸುತ್ತಿದ್ದ ಅಮೆರಿಕದ ಆರ್ಥರ್ ಜೋನ್ಸ್ ಇದನ್ನೇ ಹೇಳುತ್ತಿದ್ದರು. ಇದೇ ದಾರಿ ಹಿಡಿದ ಇಂಗ್ಲೆಂಡಿನ ಡೋರಿಯನ್ ಯೇಟ್ಸ್ 1992ರಿಂದ 1997ರವರೆಗೆ ಸತತ ಆರು ಸಲ ದೇಹದಾರ್ಢ್ಯದ ದೊಡ್ಡ ಸ್ಪರ್ಧೆ ಮಿಸ್ಟರ್ ಒಲಿಂಪಿಯಾ ಗೆದ್ದರು. ಇಷ್ಟು ಹೇಳಿದ್ದಕ್ಕೇ ಇವರ ಕಣ್ಣು ಹೊಳೆಯಿತು. ಅದಕ್ಕೇ ಇನ್ನೊಂದು ಮಾತನ್ನೂ ಹೇಳಿದೆ: ಅದೇ ಯೇಟ್ಸ್ ತೋಳಿನ ಸ್ನಾಯು ಹರಿದುಕೊಂಡರು, ಒಂದು ಸಲ ಅಲ್ಲ.

ನಾನು ಜಿಮ್ ಕೋಚ್ ಅಲ್ಲ. ಮೊದಲು ಭುಜವನ್ನು ಮೂಳೆ ಡಾಕ್ಟರಿಗೆ ತೋರಿಸಿ, ಬಿಪಿ ನೋಡಿಸಿ ಅಂದೆ. ಉಸಿರು ಬಿಗಿಹಿಡಿದು ಎತ್ತಿದರೆ ಬಿಪಿ ಸರ್ರನೆ ಏರುತ್ತದೆ. ಡಾಕ್ಟರ್ ಸರಿ ಅಂದ ಮೇಲೆ ಮಂಗಳವಾರ, ಶನಿವಾರ ಮಾತ್ರ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಿ ಅಂತಲೇ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುವುದು. ಕಾಲಿಗೊಂದು, ತಳ್ಳುವುದೊಂದು, ಎಳೆಯುವುದೊಂದು. ಹಗುರ ಭಾರದಲ್ಲಿ ಮೈ ಬಿಸಿ ಮಾಡಿಕೊಂಡು, ಆಮೇಲೆ ಒಂದೊಂದೇ ಗಟ್ಟಿ ಸೆಟ್. ಬೆಂಚ್ (ಮಲಗಿ ಭಾರ ತಳ್ಳುವುದು), ಸ್ಕ್ವಾಟ್‌ನಲ್ಲಿ (ಭಾರ ಹೊತ್ತು ಬಸ್ಕಿ) ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಇನ್ನೆರಡು ಸಲ ಎತ್ತೋಕಾಗುತ್ತೆ ಅನ್ನುವಾಗಲೇ ನಿಲ್ಲಿಸಿ. ಮೊಬೈಲ್ ಬ್ಯಾಗಲ್ಲೇ ಇರಲಿ. ತಪ್ಪಿದ ದಿನಕ್ಕೆ ಬಡ್ಡಿ ಕಟ್ಟಬೇಡಿ.

ಅಪ್ಪನ ವಿಷಯದಲ್ಲಿ ವಾದ ಮಾಡಲಿಲ್ಲ. ಸಾಮು ಮುಗಿದ ಮೇಲೆ ಏನು ಮಾಡ್ತಿದ್ರು ಅಂತ ಕೇಳಿದೆ, ಅಷ್ಟೇ. "ಉಂಡು ಮಲಗೋರು. ನಾಟಿ ಟೈಮಲ್ಲಂತೂ ಗರಡಿ ಕಡೆ ತಲೇನೇ ಹಾಕ್ತಿರ್ಲಿಲ್ಲ..." ಅಂದವರು ಸುಮ್ಮನಾದರು. ಟೇಬಲ್ ಮೇಲಿದ್ದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

ಎರಡು ತಿಂಗಳಾಯಿತು. ಭುಜ ಪೂರ್ತಿ ಸರಿಹೋಗಿಲ್ಲ, ನಿದ್ದೆ ಬರುತ್ತಿದೆ. ಮಗಳ ಜೊತೆ ಬಿಸಿ ಮುದ್ದೆ ಉಣ್ಣುತ್ತಾರೆ. ಆದರೆ ಗುರುವಾರ ಸಾಯಂಕಾಲ ಜಿಮ್ ಮುಂದೆ ಬೈಕ್ ಇನ್ನೂ ತಾನಾಗೇ ನಿಧಾನ ಆಗುತ್ತಂತೆ.