ಬದಿಯಡ್ಕದ ತಂಗಿಗೆ, ನ್ಯೂಜೆರ್ಸಿಯಿಂದ

"ಅಕ್ಕಾ, ಮಗನಿಗೆ ಎರಡು ವರ್ಷ ಎರಡು ತಿಂಗಳು, ಇನ್ನೂ ಮಾತಿಲ್ಲ. ಥೆರಪಿಗೆ ವಾರಕ್ಕೆರಡು ಸಲ ಬಸ್ಸಿನಲ್ಲಿ ಮಂಗಳೂರಿಗೆ ಹೋಗುತ್ತೇವೆ. ಅವನನ್ನು ಒಳಗೆ ಕರೆದುಕೊಳ್ಳುತ್ತಾರೆ, ನಾನು ಹೊರಗೆ ಬೆಂಚಿನಲ್ಲಿ. ಮುಂದಿನ ತಿಂಗಳು ನ್ಯೂಜೆರ್ಸಿಗೆ ಬರುತ್ತೇವೆ. ಅಲ್ಲಿ ಹೇಗೆ?" ಎಂದು ಕೇಳಿದ್ದೀರಿ. ನಾನೂ ನಿಮ್ಮ ಕಾಸರಗೋಡಿನ ಕಡೆಯವಳೇ, ನೀರ್ಚಾಲಿನವಳು. 2010ರ ಸೆಪ್ಟೆಂಬರಿನಲ್ಲಿ ಇಲ್ಲಿ ಬಂದಿಳಿದಾಗ ನನ್ನ ಮಗನಿಗೂ ಹೆಚ್ಚುಕಡಿಮೆ ಅದೇ ಪ್ರಾಯ.

ವೀಸಾದ ಚಿಂತೆ ಬಿಡಿ, ಅದು ಅಡ್ಡ ಬರುವುದಿಲ್ಲ. ಮೂರು ವರ್ಷದೊಳಗಿನ ಮಕ್ಕಳಿಗೆ ಇಲ್ಲಿ 'ಅರ್ಲಿ ಇಂಟರ್ವೆನ್ಷನ್' ಅಂತ ಇದೆ, ಮಾತು, ಬೆಳವಣಿಗೆ ತಡವಾದ ಮಕ್ಕಳಿಗೆ ಮನೆಗೇ ಬಂದು ಥೆರಪಿ ಕೊಡುವ ಸರ್ಕಾರಿ ಏರ್ಪಾಡು. ಡಾಕ್ಟರ ಚೀಟಿ ಬೇಡ, ನೀವೇ ಫೋನ್ ಮಾಡಬಹುದು. ಅಲ್ಲಿಂದ 45 ದಿನದೊಳಗೆ ಮಗುವನ್ನು ನೋಡಿ, ಮನೆಯವರ ಜೊತೆ ಕೂತು ಯೋಜನೆ ಬರೆಯಬೇಕೆಂದು ಕಾನೂನಿದೆ. ಪರೀಕ್ಷೆಗೆ ದುಡ್ಡಿಲ್ಲ. ಥೆರಪಿಗೆ ಈ ರಾಜ್ಯದಲ್ಲಿ ವರಮಾನ ನೋಡಿ ಒಂದು ಪಾಲು ಕೇಳುತ್ತಾರೆ. ಮೂರು ತುಂಬಿತೋ, ಮನೆಗೆ ಬರುವುದು ನಿಂತಿತು. ಆಮೇಲೆ ಎಲ್ಲವೂ ನೀವಿರುವ ಊರಿನ ಸರ್ಕಾರಿ ಶಾಲೆಯವರ ಕೈಗೆ. ನಿಮಗಿರುವುದು ಒಂಬತ್ತೇ ತಿಂಗಳು, ಅದರಲ್ಲೂ ಒಂದೂವರೆ ತಿಂಗಳು ಕಾಗದಪತ್ರಕ್ಕೇ ಹೋಗುತ್ತದೆ. ಪೆಟ್ಟಿಗೆ ಬಿಚ್ಚುವ ಮೊದಲೇ ಫೋನ್ ಮಾಡಿ.

ಕನ್ನಡದ ದುಭಾಷಿ ಬೇಕು ಅಂತಲೂ ಹೇಳಿ. ಮಲಯಾಳದ ಫಾರಂ ಹಿಡಿದು "ಕನ್ನಡದ್ದು ಕೊಡಿ" ಎಂದು ಜಗಳ ಮಾಡಿ ಬೆಳೆದವರು ನಾವು, ಇಲ್ಲಿ ಬಾಯಿ ಕಟ್ಟುವುದು ಯಾಕೆ? ಮನೆಯಲ್ಲಿ ಅವನ ಜೊತೆ ಕನ್ನಡವನ್ನೇ ಆಡಿ. ಎರಡು ಭಾಷೆಯಿಂದ ಮಾತು ತಡ ಎನ್ನುವವರು ಸಿಗುತ್ತಾರೆ, ಅದು ಸುಳ್ಳು. ಚಳಿ, ಕಾರು, ಬಾಡಿಗೆಯ ಸಂಗತಿ ಎಲ್ಲರೂ ಹೇಳುತ್ತಾರೆ, ನಾನು ಹೇಳುವುದಿಲ್ಲ.

ಹೇಳಬೇಕಾದ್ದು ಬೇರೆ ಇದೆ. ನಮ್ಮ ಮನೆಗೆ ವಾರಕ್ಕೊಮ್ಮೆ ಬೆಳಿಗ್ಗೆ ಹತ್ತಕ್ಕೆ ಥೆರಪಿಸ್ಟ್ ಬರುತ್ತಿದ್ದರು. ನಮ್ಮಲ್ಲಿ ಮನೆಗೆ ಬಂದವರು ನೆಂಟರೇ ಅಲ್ವಾ? ಒಂಬತ್ತಕ್ಕೇ ಮಗನಿಗೆ ಉಣ್ಣಿಸಿ, ಮುಖ ಒರೆಸಿ, ಒಳ್ಳೆ ಅಂಗಿ ಹಾಕಿ ಕೂರಿಸುತ್ತಿದ್ದೆ. ಅವನು ಉಣ್ಣುತ್ತಿದ್ದದ್ದು ಕುಚ್ಚಿಲಕ್ಕಿ ಗಂಜಿ ಮಾತ್ರ. ಅದೂ ಎತ್ತಿಕೊಂಡು, ಮನೆಯಿಡೀ ಸುತ್ತಿ, ಮೊಬೈಲ್ ತೋರಿಸಿ, ಒಂದು ಗಂಟೆಯ ಯುದ್ಧ. ಅವರು ಪ್ರತಿ ಸಲ ಕೇಳುತ್ತಿದ್ದರು, ದಿನದಲ್ಲಿ ಯಾವ ಹೊತ್ತು ನಿಮಗೆ ಕಷ್ಟ, ಊಟ ಹೇಗೆ, ಸ್ನಾನ ಹೇಗೆ ಅಂತ. ನಾನು "ಏನೂ ತೊಂದರೆ ಇಲ್ಲ" ಎನ್ನುತ್ತಾ ಚಾ ತರಲು ಏಳುತ್ತಿದ್ದೆ. ಅಷ್ಟು ದೊಡ್ಡ ಮಗುವಿಗೆ ಕೈಯಲ್ಲಿ ಉಣ್ಣಿಸುವವಳು ಅಂದುಕೊಂಡಾರು ಎಂಬ ನಾಚಿಕೆ. ಪಾಪ, ಅವರು ಹಾಗೇ ಬರೆದುಕೊಳ್ಳುತ್ತಿದ್ದರು.

ಏಪ್ರಿಲಿನಲ್ಲಿ ಒಂದು ದಿನ ಇನ್ನೊಂದು ಮನೆಯ ಭೇಟಿ ತಪ್ಪಿ ಒಂಬತ್ತಕ್ಕೇ ಬಂದುಬಿಟ್ಟರು. ನನ್ನ ಸೊಂಟದಲ್ಲಿ ಮಗ, ಕೈಯೆಲ್ಲ ಗಂಜಿ, ನೆಲದಲ್ಲೂ ಗಂಜಿ. ನನಗೆ ಅಳು ಬಂತು. ಅವರು ನೆಲದಲ್ಲಿ ಕೂತು, "ಇದೇ ನನಗೆ ನೋಡಬೇಕಾಗಿದ್ದದ್ದು" ಎಂದರು. ಮೊಬೈಲ್ ಕಣ್ಣಿಗೆ ಕಾಣದ ಹಾಗೆ ಇಡಿಸಿದರು. ಒಂದು ತುತ್ತು ಕೊಟ್ಟು ಸುಮ್ನೆ ಕಾಯಲು ಹೇಳಿದರು. ನಾನು ಕೈ ತಡೆದು ಕೂತೆ. ಅವನು ಗಂಜಿಯ ಬಟ್ಟಲು, ಅದೇ ನಮ್ಮ ಗಿಣ್ಣಲು, ನೋಡಿದ, ನನ್ನ ಮುಖ ನೋಡಿದ, ನನ್ನ ಬೆರಳು ಹಿಡಿದು ಗಂಜಿಯ ಕಡೆ ಎಳೆದ. "ನೋಡಿ, ಬೇಕು ಅಂತ ಕೇಳಿದ" ಎಂದರು.

ಅವರದು ವಾರಕ್ಕೆ ಒಂದು ಗಂಟೆ, ಉಳಿದದ್ದೆಲ್ಲ ನನ್ನದು ಅಂತ ಆವತ್ತು ತಿಳಿಯಿತು. ಅವರು ಬರುತ್ತಿದ್ದದ್ದೇ ನನಗೆ ಕಲಿಸಲು. ಮೂರು ತುಂಬಲು ನಾಲ್ಕೇ ವಾರ ಉಳಿದಿತ್ತು. ಮುಂದೆ ಶಾಲೆಯಲ್ಲಿ ಒಳ್ಳೆಯವರೇ ಸಿಕ್ಕಿದರು, ಮಗ ಮಾತೂ ಕಲಿತ. ಆದರೆ ಗಂಜಿ ಉಣ್ಣುವ ಹೊತ್ತಿಗೆ ನೆಲದಲ್ಲಿ ಬಂದು ಕೂರುವವರು ಮತ್ತೆ ಸಿಗಲಿಲ್ಲ. ಚಳಿಗಾಲದ ಅಷ್ಟೂ ವಾರ ನಾನು ಅವರಿಗೆ ಚಾ ಕೊಟ್ಟು ಕಳಿಸಿದ್ದೆ.

ಕುಚ್ಚಿಲಕ್ಕಿ ಹೊತ್ತು ತರಬೇಡಿ. ಇಲ್ಲಿ ಮಲಯಾಳಿಗಳ ಅಂಗಡಿಯಲ್ಲಿ ಬೇಕಾದಷ್ಟಿದೆ. ಮಗ ದಿನಾ ಉಣ್ಣುವ ಗಿಣ್ಣಲು ಮಾತ್ರ ಕೈಚೀಲದಲ್ಲೇ ಇಟ್ಟುಕೊಳ್ಳಿ. ನಮ್ಮದು ಅಟ್ಟದಲ್ಲೇ ಉಳಿದಿತ್ತು, ಅಮ್ಮ ಪಾರ್ಸೆಲ್ ಮಾಡಿ ಅದು ಬರುವವರೆಗೆ ಅವನು ಹೊಸ ತಟ್ಟೆ ಮುಟ್ಟಲಿಲ್ಲ.